ಮಿಸ್ತ್ರಿ ತಿದ್ದಿದ ಪಂಪು

ಮದುವೆಯಾಗಿ ಮುಂಬಯಿಗೆ ಬಂದ ಎರಡನೆಯ ವರ್ಷ ನಾನು ಕುರ್ಲಾದ ಒಂದು ಪಂಪಿನ ಕಾರ್ಖಾನೆಯಲ್ಲಿ ಟ್ರೇಸರ್ ಕೆಲಸಕ್ಕೆ ಸೇರಿದೆ. ಇಂಜಿನಿಯರರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಅದನ್ನು ಕಪ್ಪು ಶಾಯಿಯಲ್ಲಿ ಅಚ್ಚುಕಟ್ಟಾಗಿ ಇಳಿಸಿಕೊಡುವವರಿಗೆ ಟ್ರೇಸರ್ ಎನ್ನುತ್ತಿದ್ದರು. ಧಾರವಾಡದಲ್ಲಿ ಡ್ರಾಯಿಂಗಿನ ಕೋರ್ಸು ಮುಗಿಸಿದ್ದೆ. ನಮ್ಮ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ, ಗೆರೆ ಮಾತ್ರ ಎಲ್ಲರಿಗಿಂತ ಚೆನ್ನಾಗಿ ಎಳೆಯುತ್ತಿದ್ದೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಮುಂದೆ ಕೆಲವೇ ದಿನಗಳಲ್ಲಿ ನನಗೆ ಸ್ವಂತ ಬೋರ್ಡು ಕೊಟ್ಟು, ನಕ್ಷೆಗಳನ್ನು ನಾನೇ ತಯಾರಿಸುವ ಕೆಲಸಕ್ಕೆ ಹಾಕಿದರು.

ನಮ್ಮ ಮನೆಯವರು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಮುಲುಂಡಿನ ಚಾಳಿನಲ್ಲಿ ನಮ್ಮದು ಒಂದೂವರೆ ಖೋಲಿಯ ಸಂಸಾರ. ಊರಿನಿಂದ ಯಾರಾದರೂ ಬಂದಾಗ ಇವರು ಹೆಮ್ಮೆಯಿಂದ, "ಇಕಿ ಪಂಪಿನ ನಕ್ಷಾ ತಗೀತಾಳ್ರೀ" ಎನ್ನುತ್ತಿದ್ದರು. ಬಂದವರು ಒಂದು ಗಳಿಗೆ ನನ್ನ ಮುಖ ನೋಡಿ, ಮುಂಬಯಿಯಲ್ಲಿ ಜೋಳದ ಹಿಟ್ಟು ಹೇಗಿರುತ್ತದೆ ಎಂದು ಕೇಳುತ್ತಿದ್ದರು. ನಾನು ಒಳಗೊಳಗೇ ಕುದಿಯುತ್ತ ರೊಟ್ಟಿ ಬಡಿಯುತ್ತಿದ್ದೆ.

ಕಾರ್ಖಾನೆಯಲ್ಲಿ ಕೆಳಗೆ ಲೋಹ ಕಡೆಯುವ ಲೇಥುಗಳು, ಮೇಲೆ ಅಟ್ಟದಂಥ ಜಾಗದಲ್ಲಿ ನಮ್ಮ ಡ್ರಾಯಿಂಗ್ ಹಾಲು. ನಡುವೆ ಮರದ ಮೆಟ್ಟಿಲು. ಮೇಲಿನವರು ಕೆಳಗಿಳಿಯುತ್ತಿರಲಿಲ್ಲ, ಕೆಳಗಿನವರು ಮೇಲೆ ಬರುತ್ತಿರಲಿಲ್ಲ. ಹೀಗೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದರೂ ಎಲ್ಲರೂ ಪಾಲಿಸುತ್ತಿದ್ದರು. ನಕ್ಷೆಯ ಪ್ರಿಂಟುಗಳು ಜವಾನನ ಕೈಯಲ್ಲಿ ಕೆಳಗೆ ಹೋಗುತ್ತಿದ್ದವು, ಲೇಥಿನ ಸದ್ದು ಮತ್ತು ಸುಟ್ಟ ಎಣ್ಣೆಯ ವಾಸನೆ ಮೇಲೆ ಬರುತ್ತಿದ್ದವು. ನಮ್ಮ ವ್ಯವಹಾರ ಅಷ್ಟೇ ಆಗಿತ್ತು.

ಕೆಳಗಿನ ಲೇಥುಗಳಿಗೆಲ್ಲ ಹಿರಿಯರು ಒಬ್ಬ ಮಿಸ್ತ್ರಿ. ವಿಜಾಪುರದ ಕಡೆಯ ಮುಸಲ್ಮಾನರು, ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಮನೆಯಲ್ಲಿ ದಖನಿ ಉರ್ದು, ಲೇಥುಗಳ ನಡುವೆ ಹಿಂದಿ ಮರಾಠಿ ಬೆರೆತ ಮಾತು. ಕನ್ನಡಕ್ಕೆ ಮಾತ್ರ ಅವರಿಗೆ ಅಲ್ಲಿ ಜನವೇ ಇರಲಿಲ್ಲ. ನಾನು ಸೇರಿದ ಮೊದಲ ವಾರ, ಚಹಾದ ಹೊತ್ತಿಗೆ ಗೇಟಿನ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಹಿಂದಿನಿಂದ ಯಾರೋ, "ಯಾವೂರು ಬೇಟಿ ನಿಂದು? ಧಾರವಾಡ ಕಡೆ ಏನು?" ಎಂದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನೀ ಮ್ಯಾಲ ಪೆನ್ನಿಗೆ ಬೈಯೂದು ಕೆಳಗ ಲೇಥಿನ ತನಕಾ ಕೇಳತೈತಿ" ಎಂದರು ಆ ಮಿಸ್ತ್ರಿ.

ಶಾಯಿ ಚೆಲ್ಲಿದಾಗ ನಾನು ಪೆನ್ನಿನ ವಂಶವನ್ನೆಲ್ಲ ಎತ್ತಿ ಬೈಯುವುದು ನಿಜ. ಇವೊತ್ತಿಗೂ ಬಿಟ್ಟಿಲ್ಲ. ಅಂದಿನಿಂದ ಅವರನ್ನು ನಾನು ಚಾಚಾ ಎಂದೆ.

ನನ್ನ ಮೊದಲ ದೊಡ್ಡ ತಪ್ಪು ಆದದ್ದು ಅದೇ ವರ್ಷ. ಲೋಹದ ದಪ್ಪಕ್ಕಿಂತ ಅದರಲ್ಲಿ ಕೊರೆಯುವ ತೂತಿನ ಆಳವನ್ನೇ ಹೆಚ್ಚಾಗಿ ಬರೆದುಬಿಟ್ಟಿದ್ದೆ. ನಕ್ಷೆಯಲ್ಲಿದ್ದಂತೆ ಮಾಡಿದ್ದರೆ ಇಡೀ ತುಂಡು ಹಾಳಾಗಿ, ಮಾತು ದೊಡ್ಡ ಸಾಹೇಬರ ತನಕ ಹೋಗುತ್ತಿತ್ತು. ಅವತ್ತು ಸಂಜೆಯ ಚಹಾದ ಹೊತ್ತಿಗೆ ಜವಾನ ಒಂದು ಪೊಟ್ಟಣ ತಂದು ನನ್ನ ಬೋರ್ಡಿನ ಮೇಲಿಟ್ಟ. ಬಿಚ್ಚಿದರೆ, ಹತ್ತಿ ನೂಲಿನ ಜುಂಗಿನಲ್ಲಿ ಸುತ್ತಿದ ಒಂದು ತುಂಡು, ಸರಿಯಾಗಿಯೇ ಕೊರೆದದ್ದು. ಅದರ ಮೇಲೆ ಕೆಂಪು ಖಡುವಿನಲ್ಲಿ, ಅಂದರೆ ಸೀಮೆಸುಣ್ಣದಲ್ಲಿ, ಸರಿಯಾದ ಅಳತೆ. ಇಷ್ಟೇ. ನಾನು ಬ್ಲೇಡು ತೆಗೆದುಕೊಂಡು ಹಾಳೆಯ ಮೇಲಿನ ತಪ್ಪು ಅಂಕಿಯನ್ನು ಕೆರೆದೆ, ಉಗುರಿನಿಂದ ಉಜ್ಜಿ ನುಣುಪು ಮಾಡಿದೆ, ಸರಿಯಾದ ಅಂಕಿ ಬರೆದು ಹೊಸ ಪ್ರಿಂಟು ಕಳಿಸಿದೆ. ಮರುದಿನ ನಲ್ಲಿಯ ಹತ್ತಿರ ಸಿಕ್ಕಾಗ ಅವರು ಆ ಮಾತೇ ಎತ್ತಲಿಲ್ಲ. ನಾನೇ ತಡೆಯಲಾರದೆ, ಸಾಹೇಬರಿಗೆ ಯಾಕ ಹೇಳಲಿಲ್ಲ ಎಂದು ಕೇಳಿದೆ.

"ಮ್ಯಾಲಿನವ್ರಿಗೆ ಹೇಳಿದ್ರ ಹತ್ತು ಮಂದಿ ಕೂಡತಾರ, ಚಾ ಕುಡೀತಾರ, ತಪ್ಪು ಯಾರದು ಅಂತ ಹುಡುಕ್ತಾರ. ಅಷ್ಟೊತ್ತಿಗೆ ನಾ ಮಾಲ್ ಮಾಡಿ ಮುಗಸ್ತೀನಿ" ಎಂದರು.

ಇದೇ ನಮ್ಮ ಪದ್ಧತಿಯಾಯಿತು. ನನ್ನ ತಪ್ಪು ಕಂಡರೆ ಅವರು ತುಂಡನ್ನು ಸರಿಯಾಗಿ ಮಾಡಿ, ಖಡುವಿನಲ್ಲಿ ಅಂಕಿ ಬರೆದು ಮೇಲೆ ಕಳಿಸುವುದು. ನಾನು ಬ್ಲೇಡಿನಿಂದ ಕೆರೆದು ನಕ್ಷೆಯನ್ನು ತುಂಡಿಗೆ ಹೊಂದಿಸುವುದು. ಯಾರಿಗೂ ಗೊತ್ತಿಲ್ಲ, ಜವಾನನಿಗೂ ಅದು ಏನೆಂದು ಗೊತ್ತಿಲ್ಲ. ಐದು ವರ್ಷ ಹೀಗೆ ನಡೆಯಿತು. ಐದು ವರ್ಷದಲ್ಲಿ ಅವರ ಖಡು ಒಮ್ಮೆಯೂ ತಪ್ಪು ಹೇಳಿರಲಿಲ್ಲ. ಮನೆಯಲ್ಲಿ, ಆಫೀಸಿನಲ್ಲಿ ನನ್ನ ಗೆರೆಗಳನ್ನು ಹೊಗಳುವವರು ಇದ್ದರು. ಅವನ್ನು ಗಮನವಿಟ್ಟು ಓದುತ್ತಿದ್ದವರು ಚಾಚಾ ಒಬ್ಬರೇ, ಅದಕ್ಕೇ ನನಗೆ ಅವರ ಮೇಲೆ ಅಷ್ಟು ಪ್ರೀತಿ.

ಎಪ್ಪತ್ತರ ದಶಕದ ನಡುವೆ ಮುಂಬಯಿಯಲ್ಲಿ ಎಲ್ಲಿ ನೋಡಿದರೂ ಎಣ್ಣೆಯ ಮಾತು. ಕಡಲಿನಡಿ ಎಣ್ಣೆ ಸಿಕ್ಕಿದೆಯಂತೆ, ಇನ್ನು ದೇಶದ ದೆಸೆ ತಿರುಗಿತು ಎಂದು ಲೋಕಲ್ ರೈಲಿನಲ್ಲಿ ಕಡಲೆಕಾಯಿ ತಿನ್ನುತ್ತ ಜನ ಮಾತಾಡುತ್ತಿದ್ದರು. ಆ ಗಾಳಿ ನಮ್ಮ ಕಾರ್ಖಾನೆಗೂ ಬೀಸಿತು. ರೈತರ ಬೋರ್‌ವೆಲ್ಲಿಗೂ ಎತ್ತರದ ಬಿಲ್ಡಿಂಗುಗಳಿಗೂ ಪಂಪು ಮಾಡುತ್ತಿದ್ದ ನಮ್ಮನ್ನು, ಎಣ್ಣೆ ಬಾವಿಯೊಳಗೆ ಮುಳುಗಿ ಕೆಲಸ ಮಾಡುವ ಪಂಪು ಮಾಡಲಾದೀತೇ ಎಂದು ಎಣ್ಣೆ ಕಂಪನಿಯವರು ಕೇಳಿದರು. ನಮ್ಮ ದೊಡ್ಡ ಸಾಹೇಬರು ಪುಣೆಯ ಕಡೆಯ ಮರಾಠಿಯವರು, ಮುಂಗೋಪಿ, ಆದರೆ ನ್ಯಾಯವಂತರು. ಹಿಂದೆಮುಂದೆ ನೋಡದೆ ಆದೀತು ಎಂದುಬಿಟ್ಟರು.

ಆ ಪಂಪಿನ ಕಷ್ಟ ಇಷ್ಟು. ಬಾವಿಯ ಕೊಳವೆ ಬಹಳ ಕಿರಿದು, ಆದ್ದರಿಂದ ಪಂಪನ್ನು ಅಗಲ ಮಾಡುವಂತಿಲ್ಲ, ಉದ್ದ ಮಾಡಬೇಕು. ಎಣ್ಣೆಯನ್ನು ಮೇಲಕ್ಕೆ ತಳ್ಳುವ ಅಂಗೈಯಗಲದ ಚಕ್ರಗಳು, ಅಂಥ ಅರವತ್ತು ಚಕ್ರ, ಒಂದರ ಮೇಲೊಂದು, ನಡುವೆ ತಿರುಗುವ ಒಂದೇ ಉದ್ದನೆಯ ಸಲಾಕೆಗೆ, ಅಂದರೆ ಶಾಫ್ಟಿಗೆ, ಬಿಗಿಯಾಗಿ ಕೂತಿರುತ್ತವೆ. ಕೆಳಗೆ ಮೋಟರು. ಪ್ರತಿ ಚಕ್ರವೂ ಎಣ್ಣೆಯನ್ನು ಮೇಲಕ್ಕೆ ತಳ್ಳುವಾಗ ತಾನು ಕೆಳಕ್ಕೆ ಒತ್ತುತ್ತದೆ. ಅರವತ್ತು ಚಕ್ರಗಳ ಒತ್ತು ಶಾಫ್ಟಿನ ಮೂಲಕ ಇಳಿದು, ತಳದಲ್ಲಿರುವ ಬಳೆಯಷ್ಟಗಲದ ಒಂದೇ ಒಂದು ಬೇರಿಂಗಿನ ಮೇಲೆ ಬೀಳುತ್ತಿತ್ತು. ಬೇರಿಂಗ್ ದೊಡ್ಡದು ಮಾಡೋಣವೆಂದರೆ ಕೊಳವೆಯಲ್ಲಿ ಜಾಗವಿಲ್ಲ. ಅಂಗಳದಲ್ಲಿ ನೆಲಕ್ಕೆ ಕೊಳವೆ ಹೂತು, ಬಿಸಿ ಎಣ್ಣೆಗೆ ಸ್ವಲ್ಪ ಮರಳು ಬೆರೆಸಿ ತುಂಬಿ, ಒಂದು ಪರೀಕ್ಷೆಯ ಬಾವಿ ಮಾಡಿಕೊಂಡಿದ್ದೆವು. ಮೂರು ಸಲ ಪಂಪು ಇಳಿಸಿದೆವು, ಮೂರು ಸಲವೂ ಆ ಬೇರಿಂಗ್ ಸುಟ್ಟು ಕರಿಯಾಗಿ ಹೊರಗೆ ಬಂತು.

ಎಣ್ಣೆಯವರು ದೀಪಾವಳಿಯ ನಂತರ ಇನ್ನೊಂದೇ ಸಲ ಬಂದು ನೋಡುತ್ತೇವೆ ಎಂದರು. ತಮ್ಮೆದುರು ಮೂರು ದಿನ ನಿಲ್ಲದೆ ನಡೆದರೆ ಸರಿ. ಇಲ್ಲದಿದ್ದರೆ ಎಣ್ಣೆ ಪಂಪಿನ ಕೆಲಸವನ್ನೇ ಮುಚ್ಚುವುದು ಎಂದು ಸಾಹೇಬರು ಹೇಳಿದರು. ಮೇಲಿನವರಿಗೆ ಅದು ಒಂದು ಕೆಲಸ ಹೋಗಿ ಇನ್ನೊಂದು ಬಂದಂತೆ. ಚಾಚಾ ಮಾತ್ರ ಆ ಪಂಪಿಗೆಂದೇ ಉಳಿದಿದ್ದರು. ಅವರ ನಿವೃತ್ತಿಯ ವಯಸ್ಸು ಹಿಂದಿನ ವರ್ಷವೇ ಮುಗಿದಿತ್ತು. ಅಷ್ಟು ಸಣ್ಣ ಅಳತೆಯ ಕೆಲಸ ಬೇರೆ ಯಾರ ಕೈಗೂ ಒಗ್ಗದೆಂದು ಅವರನ್ನು ಈ ಪಂಪು ಮುಗಿಯುವ ತನಕ ಎಂದು ಇಟ್ಟುಕೊಂಡಿದ್ದರು.

"ಆಮ್ಯಾಲೆ ಏನ್ ಮಾಡ್ತೀರಿ ಚಾಚಾ?" ಎಂದು ಒಂದು ದಿನ ನಲ್ಲಿಯ ಹತ್ತಿರ ಕೇಳಿದೆ. ಕೇಳಬಾರದಿತ್ತು.

"ಏನ್ ಮಾಡೂದು ಬೇಟಿ. ಒಂದ ಖೋಲಿ. ಹಗಲೊತ್ತು ಅದು ಸೊಸಿದು, ಮಕ್ಕಳದು. ಅಕಿ ಹೊಲಿಗಿ ಮಿಷಿನ್ ಇಟಗೊಂಡು ಕುಂದರ್ತಾಳ, ಮಕ್ಕಳು ಪುಸ್ತಕ ಹರವಿಕೊಂಡು ಕುಂದರ್ತಾವ. ಮುದುಕ ಮನ್ಯಾಗಿದ್ರ ಅಕಿಗೆ ಕಾಲು ಚಾಚಾಕೂ ಆಗೂದಿಲ್ಲ. ಒಳ್ಳೆ ಹೆಣ್ಣಮಗಳು, ಬಾಯಿ ಬಿಟ್ಟು ಏನೂ ಅನ್ನೂದಿಲ್ಲ. ಆದ್ರ ನನಗ ಕುಂದ್ರಾಕ ಜಾಗಾ ಎಲ್ಲೈತಿ? ಸ್ಟೇಷನ್ನಿನ ಬೆಂಚ್ ಐತಿ. ಎಷ್ಟೊತ್ತು ಕುಂದ್ರೂದು?"

ಮುಖದಲ್ಲಿ ದುಃಖವಿರಲಿಲ್ಲ. ಲೇಥಿನ ಮುಂದೆ ಅಳತೆ ಹೇಳಿದ ಹಾಗೆ ಹೇಳಿದರು. ನಮ್ಮ ಚಾಳಿನಲ್ಲೂ ನಿವೃತ್ತರಾದ ಗಂಡಸರು ಹಗಲೆಲ್ಲ ಮೆಟ್ಟಿಲ ಮೇಲೆ, ಪಾನ್ ಅಂಗಡಿಯ ಕಟ್ಟೆಯ ಮೇಲೆ ಕೂತಿರುವುದನ್ನು ದಿನಾ ನೋಡುತ್ತಿದ್ದೆ, ಒಂದು ದಿನವೂ ಯಾಕೆ ಎಂದು ಯೋಚಿಸಿರಲಿಲ್ಲ. ಅವತ್ತು ಸಂಜೆ ಮನೆಗೆ ಹೋಗಿ ನಮ್ಮ ಮನೆಯವರ ಮೇಲೆ ಸುಮ್ಮನೆ ರೇಗಿದೆ. ಆ ಪಂಪು ನಡೆಯಲೇಬೇಕು ಎಂದು ನನಗೆ ಹಟ ಹುಟ್ಟಿತು.

ಉಪಾಯ ಹೊಳೆದದ್ದು ಮುಲುಂಡಿನಿಂದ ಬರುವ ಬೆಳಗಿನ ಲೋಕಲಿನಲ್ಲಿ. ಹೆಂಗಸರ ಡಬ್ಬಿ ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಗಾಡಿ ಬ್ರೇಕು ಹಾಕಿದಾಗಲೆಲ್ಲ ಹಿಂದಿನವಳು ಮುಂದಿನವಳ ಮೇಲೆ, ಅವಳು ಅವಳ ಮುಂದಿನವಳ ಮೇಲೆ ವಾಲಿ, ಎಲ್ಲರ ಭಾರವೂ ಕೊನೆಗೆ ಗೋಡೆಗೆ ಒತ್ತಿ ನಿಂತಿದ್ದ ನನ್ನ ಪಕ್ಕೆಲುಬಿನ ಮೇಲೆ ಬೀಳುತ್ತಿತ್ತು. ನಾನು ಸಿಟ್ಟಿನಿಂದ, ನಿಮ್ಮ ನಿಮ್ಮ ಹಿಡಿಕೆ ಹಿಡಿದುಕೊಳ್ಳಿ ಅಕ್ಕಂದಿರಾ ಎಂದು ಕೂಗಿದೆ. ಒಬ್ಬೊಬ್ಬರೇ ಮೇಲಿನ ಹಿಡಿಕೆ ಹಿಡಿದುಕೊಂಡರು. ಮುಂದಿನ ಬ್ರೇಕಿಗೆ ನನ್ನ ಮೇಲೆ ಭಾರವೇ ಬೀಳಲಿಲ್ಲ. ಘಾಟ್‌ಕೋಪರ್ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಅರವತ್ತು ಚಕ್ರಗಳೂ ಒಂದೊಂದು ಹಿಡಿಕೆ ಹಿಡಿದು ನಿಂತಿದ್ದವು.

ಚಕ್ರವನ್ನು ಶಾಫ್ಟಿಗೆ ಬಿಗಿಯಾಗಿ ಕೂರಿಸದೆ ಕೂದಲೆಳೆಯಷ್ಟು ಸಡಿಲ ಬಿಟ್ಟರೆ, ನಡುವಿನ ಕೀಲಿನಿಂದಾಗಿ ಅದು ಶಾಫ್ಟಿನ ಜೊತೆ ತಿರುಗುತ್ತದೆ, ಆದರೆ ಮೇಲೆ ಕೆಳಗೆ ತಾನಾಗಿ ಜಾರುತ್ತದೆ. ಪ್ರತಿ ಚಕ್ರದ ಕೆಳಗೆ ಅದರದೇ ಒಂದು ವಾಷರ್ ಇಟ್ಟರೆ, ತನ್ನ ಒತ್ತನ್ನು ತಾನೇ ಅಲ್ಲಿ ಹೊರುತ್ತದೆ, ತಳದ ಬೇರಿಂಗಿಗೆ ಕಳಿಸುವುದಿಲ್ಲ. ಸಾಹೇಬರಿಗೆ ಲೋಕಲಿನ ಕಥೆ ಬಿಟ್ಟು ಉಳಿದದ್ದನ್ನು ಹೇಳಿದೆ. ಅವರು ಒಂದು ಹೊತ್ತಿಡೀ ಲೆಕ್ಕ ಹಾಕಿದರು. ಹೊರದೇಶದವರು ಹೀಗೆ ಮಾಡುತ್ತಾರೆಂದು ಎಲ್ಲೋ ಓದಿದ ನೆನಪು, ನಮಗೆ ಯಾಕೆ ಹೊಳೆಯಲಿಲ್ಲ ಎಂದು ತಮ್ಮನ್ನೇ ಬೈದುಕೊಂಡರು. ನಕ್ಷೆ ಮಾಡು ಎಂದು ಹೇಳಿ ಸಹಿ ಹಾಕಿ, ಕಂಪನಿಯ ಬೇರೆ ಕೆಲಸಕ್ಕೆ ಒಂದು ವಾರ ಗುಜರಾತಿಗೆ ಹೋದರು.

ನಕ್ಷೆ ಕೆಳಗೆ ಹೋಯಿತು. ಸಡಿಲ ಯಾಕೆ ಎಂದು ನಾನು ಚಾಚಾಗೆ ಹೇಳಲಿಲ್ಲ. ಈ ಮಾತನ್ನು ನಾನು ಎಷ್ಟೋ ಸಲ ನನಗೇ ಕೇಳಿಕೊಂಡಿದ್ದೇನೆ. ದಿನಾ ನಲ್ಲಿಯ ಹತ್ತಿರ ಸಿಗುತ್ತಿದ್ದೆವು, ಊರಿನ ಮಾತು, ಮಕ್ಕಳ ಮಾತು, ತೊಗರಿ ಬೇಳೆಯ ಮಾತು ಎಲ್ಲ ಆಡುತ್ತಿದ್ದೆವು. ಇದೊಂದು ಹೇಳಬೇಕೆಂದು ಹೊಳೆಯಲೇ ಇಲ್ಲ. ನಕ್ಷೆಯಲ್ಲಿ ಅಳತೆ ಇರುತ್ತದೆ, ಕಾರಣ ಇರುವುದಿಲ್ಲ. ಕಾರಣ ಮೇಲಿನವರದು, ಅಳತೆ ಕೆಳಗಿನವರದು. ಐದು ವರ್ಷದಲ್ಲಿ ನಾನೂ ಮೇಲಿನವಳೇ ಆಗಿಬಿಟ್ಟಿದ್ದೆ.

ಶನಿವಾರ ಮಧ್ಯಾಹ್ನ ಜವಾನ ಜುಂಗಿನ ಪೊಟ್ಟಣ ತಂದಿಟ್ಟ. ಒಳಗೆ ಒಂದು ಚಕ್ರ, ಮೇಲೆ ಕೆಂಪು ಅಂಕಿ. ಅರ್ಧ ದಿನದ ರಜೆ, ಮನೆಗೆ ಅತ್ತೆಯವರು ಬರುವವರಿದ್ದರು, ಚಾಳಿನ ನೀರು ಎರಡು ಗಂಟೆಗೆ ನಿಲ್ಲುತ್ತಿತ್ತು. ನಾನು ಬ್ಲೇಡು ತೆಗೆದೆ, ಕೆರೆದೆ, ಉಗುರಿನಿಂದ ಉಜ್ಜಿದೆ, ಖಡು ಹೇಳಿದ ಅಂಕಿ ಬರೆದು ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಯಾವ ಅಳತೆ ತಿದ್ದುತ್ತಿದ್ದೇನೆಂದು ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣು ನೋಡಿತು. ಅವರು ತಪ್ಪಿರಬಹುದೆಂದು ಮನಸ್ಸಿಗೆ ಬರಲಿಲ್ಲ. ನಾನು ಕಟ್ಟಿದ ಉಪಾಯವನ್ನು ನಾನೇ ಬ್ಲೇಡಿನಿಂದ ಕೆರೆದು, ಎರಡು ನಿಮಿಷದಲ್ಲಿ ಗಾಡಿ ಹಿಡಿಯಲು ಓಡಿದೆ.

ಮುಂದಿನ ಬುಧವಾರ ಸಾಹೇಬರು ಬಂದರು. ಎಣ್ಣೆಯವರು ಬರಲು ಇನ್ನೂ ಹತ್ತು ದಿನವಿತ್ತು. ಚೈನ್ ಪುಲ್ಲಿಯಿಂದ ಪಂಪನ್ನು ಎತ್ತಿ ಬಾವಿಗೆ ಇಳಿಸಿದರು. ಮೊದಲು ಚೆನ್ನಾಗಿ ನಡೆಯಿತು. ಊಟದ ಹೊತ್ತಿಗೆ ಕರೆಂಟು ಮೀಟರಿನ ಮುಳ್ಳು ಏರತೊಡಗಿತು, ಸಂಜೆಯೊಳಗೆ ಪಂಪು ನಿಂತಿತು. ಎತ್ತಿ ಬಿಚ್ಚಿದಾಗ ತಳದ ಬೇರಿಂಗ್ ಎಂದಿನಂತೆ ಕರಿ. ಕೆಲವು ವಾಷರುಗಳು ಸುಟ್ಟಿದ್ದವು, ಕೆಲವಕ್ಕೆ ಚಕ್ರ ತಾಗಿಯೇ ಇರಲಿಲ್ಲ. ಸಾಹೇಬರು ಒಂದು ಚಕ್ರವನ್ನು ಶಾಫ್ಟಿನ ಮೇಲೆ ಜಾರಿಸಲು ನೋಡಿದರು. ಅದು ಅಲುಗಲಿಲ್ಲ.

ಅವರು ಮೇಲೆ ಬಂದು ಮೂಲ ಹಾಳೆಯನ್ನೇ ತರಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಎಷ್ಟೇ ಉಜ್ಜಿದರೂ ಕೆರೆದ ಜಾಗ ಬೆಳಕಿಗೆ ತೆಳ್ಳಗೆ ಕಂಡೇ ಕಾಣುತ್ತದೆ. ನಾನು ಸಹಿ ಹಾಕಿದ ಅಳತೆ ಇದಲ್ಲ, ಇದನ್ನು ತಿದ್ದಿದವರು ಯಾರು ಎಂದು ಕೇಳಿದರು. ಡ್ರಾಯಿಂಗ್ ಹಾಲಿನಲ್ಲಿ ಎಂಟು ಬೋರ್ಡುಗಳು, ಎಂಟೂ ಬೋರ್ಡಿನವರು ತಲೆ ಎತ್ತಿದರು.

ನಾನೇ ಎಂದೆ. ಖಡುವಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಆ ವಾರವೇ ಚಾಚಾರನ್ನು ಮನೆಗೆ ಕಳಿಸುತ್ತಿದ್ದರು. ಉಪಾಯ ನಿನ್ನದೇ, ಅದನ್ನು ಕೆಡಿಸಿದವಳೂ ನೀನೇ, ಇದಕ್ಕೆ ಏನೆನ್ನಬೇಕು ಎಂದು ಸಾಹೇಬರು ಬೈಯುತ್ತಲೇ ಇದ್ದರು. ಆಗ ಮರದ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿತು. ಚಾಚಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಣ್ಣೆಯ ಕೈಗಳನ್ನು ಹಿಂದೆ ಕಟ್ಟಿಕೊಂಡು ಒಳಗೆ ಬಂದರು. ಮೂವತ್ತು ವರ್ಷದಲ್ಲಿ ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹಿಂದಿಯಲ್ಲಿ, ಸಾಹೇಬ್, ಅಂಕಿ ನನ್ನದು, ಆ ಮಗಳು ನಾನು ಬರೆದದ್ದನ್ನು ನಕಲು ಮಾಡಿದಳು ಅಷ್ಟೇ ಎಂದರು. ಐದು ವರ್ಷದ ಪದ್ಧತಿಯನ್ನೂ ಹೇಳಿಬಿಟ್ಟರು. ಸಡಿಲವಾದ ಚಕ್ರ ಕಂಡು, ಹುಡುಗಿ ಕೈತಪ್ಪಿ ಬರೆದಿದ್ದಾಳೆ, ಅವಳ ಹೆಸರು ಕೆಡಬಾರದು ಎಂದು ಬಿಗಿ ಮಾಡಿದೆ ಎಂದರು.

ಸಾಹೇಬರಿಗೆ ಇದು ಇನ್ನೂ ದೊಡ್ಡ ಆಘಾತ. ಅಂದರೆ ಐದು ವರ್ಷದಿಂದ ನಕ್ಷೆಗಳನ್ನು ಕೆಳಗಿನಿಂದ ತಿದ್ದುತ್ತಿದ್ದೀರಾ ಎಂದು ಕೇಳಿ, ಕೂತೇ ಬಿಟ್ಟರು. ಕೊನೆಗೆ ಅಪ್ಪಣೆಯಾಯಿತು. ಇನ್ನು ಮೇಲೆ ಯಾರೂ ಕೆಳಗೆ ಒಂದು ಗೆರೆಯನ್ನೂ ಬದಲಿಸಕೂಡದು. ಎಣ್ಣೆಯವರ ಪರೀಕ್ಷೆ ಮುಗಿದ ತಿಂಗಳ ಕೊನೆಗೆ ಮಿಸ್ತ್ರಿ ಮನೆಗೆ ಹೋಗಬೇಕು, ಪಂಪು ನಡೆಯಲಿ ಬಿಡಲಿ. ಚಾಚಾ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು.

ಮರುದಿನ ನಲ್ಲಿಯ ಹತ್ತಿರ, "ನೀವು ಮೊದಲು ಕೈ ತೊಳಕೋರಿ ಬಾಯಾರ" ಎಂದು ಪಕ್ಕಕ್ಕೆ ಸರಿದು ನಿಂತರು. ಬೇಟಿ ಹೋಗಿ, ದೊಡ್ಡ ಮನೆಯ ಹೆಂಗಸರಿಗೆ ಹೇಳುವ ಬಾಯಾರ ಆಗಿದ್ದೆ, ನೀ ಹೋಗಿ ನೀವು. ಸಾಹೇಬರ ಬೈಗುಳಕ್ಕೆ ಬಾರದ ಅಳು ಆಗ ಬಂತು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಪ್ರಿಂಟನ್ನು ಕಂಕುಳಲ್ಲಿ ಇಟ್ಟುಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಮೆಟ್ಟಿಲಿಳಿದು ಅವರ ಲೇಥಿನ ಪಕ್ಕ ಒಂದು ಮರದ ಪೆಟ್ಟಿಗೆಯ ಮೇಲೆ ಕೂತೆ. ಇಡೀ ಶಾಪು ನಮ್ಮನ್ನೇ ನೋಡಿತು.

"ಚಾಚಾ, ತಪ್ಪು ನಂದು. ನಾ ಅಳತಿ ಕೊಟ್ಟೆ, ಯಾಕ ಅಂತ ಹೇಳಲಿಲ್ಲ. ಈಗ ಹೇಳ್ತೀನಿ, ಕೇಳ್ರಿ."

ಲೋಕಲಿನ ಕಥೆಯಿಂದಲೇ ಶುರು ಮಾಡಿದೆ. ಹೆಂಗಸರ ಡಬ್ಬಿ, ಬ್ರೇಕು, ನನ್ನ ಪಕ್ಕೆಲುಬು, ಹಿಡಿಕೆ. ಅವರು ಲೇಥು ನಿಲ್ಲಿಸಿ ಕೇಳಿದರು. ನಕ್ಷೆಯ ಮೇಲೆ ಬೆರಳಿಟ್ಟು ಚಕ್ರದಿಂದ ವಾಷರಿಗೆ, ವಾಷರಿನಿಂದ ಬದಿಯ ಗೋಡೆಗೆ ಒತ್ತು ಹೇಗೆ ಹೋಗುತ್ತದೆಂದು ತೋರಿಸಿದೆ. ಅವರು ತಮ್ಮ ಬೆರಳನ್ನೂ ಅದೇ ದಾರಿಯಲ್ಲಿ ಓಡಿಸಿದರು. ಆಮೇಲೆ ಚಕ್ರವೊಂದನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು:

"ಇಷ್ಟ ಮೊದಲ ಹೇಳಿದ್ರ ಆಗ್ತಿತ್ತಲ್ಲ ಬೇಟಿ. ನನ್ನ ಕೈಯಾಗ ಯಾವ ಪಂಪೂ ಖಡಖಡ ಅಂದಿದ್ದಿಲ್ಲ. ಸಡಿಲ ಅಂದ್ರ ನಮಗ ಅದು ಬೈಗುಳ."

ಬೇಟಿ ಎಂದರು ಎಂಬುದೊಂದೇ ನನಗೆ ಕೇಳಿಸಿತು. ಅವರು ಮುಂದೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಳ್ಳಬೇಕಾಯಿತು.

"ಚಕ್ರ ವಾಷರ್ ಮ್ಯಾಲ ಕುಂತು ತಿರುಗತೈತಿ, ಖರೆ. ಎಣ್ಣ್ಯಾಗ ಮರಳು ಐತಿ. ಆ ಮರಳು ಎರಡರ ನಡುವ ಸಿಕ್ಕು ಎಲ್ಲಿಗೆ ಹೋಗಬೇಕು? ಅಲ್ಲೇ ಕುಂತು ವಾಷರ್ ತಿಂತೈತಿ. ನಮ್ಮಮ್ಮ ಬೀಸೂ ಕಲ್ಲಿಗೆ ಗೆರಿ ಹೊಡಸ್ತಿದ್ಲು, ಹಿಟ್ಟು ನಡುವ ನಿಲ್ಲದ ಹೊರಗ ಬರಲಿ ಅಂತ. ಈ ವಾಷರಿಗೂ ನಾಕು ಗೆರಿ ಹೊಡಿ. ಎಣ್ಣಿ ಹರೀತೈತಿ, ಮರಳು ತಗೊಂಡು ಹೊರಗ ಹೋಗತೈತಿ, ವಾಷರ್ ತಂಪೂ ಇರತೈತಿ."

ಸಾಹೇಬರ ಲೆಕ್ಕದಲ್ಲಿ ಇದು ಇರಲಿಲ್ಲ, ನನ್ನ ನಕ್ಷೆಯಲ್ಲೂ ಇರಲಿಲ್ಲ. ಚಾಚಾ ಮಾತ್ರ ನಾಲ್ಕೂ ಸಲ ಆ ಪಂಪನ್ನು ಬಿಚ್ಚಿ, ಮರಳು ಎಲ್ಲಿ ಕೂತಿತ್ತೆಂದು ಕೈಯಿಂದ ಒರೆಸಿ ನೋಡಿದ್ದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಾನು ಆ ಪೆಟ್ಟಿಗೆಯ ಮೇಲೆಯೇ ಕೂತು ಗೆರೆಗಳನ್ನು ಬರೆದುಕೊಂಡೆ. ಪ್ರಿಂಟಿನ ಅಂಚಿನಲ್ಲಿ, ಪ್ರತಿ ಅಳತೆಯ ಎದುರು, ಅದು ಯಾಕೆ ಎಂದು ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದೆ. ಅವರು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋಗಿದ್ದರು. ತುಟಿ ಅಲ್ಲಾಡಿಸುತ್ತ ಒಂದೊಂದನ್ನೇ ಓದಿದರು. ಮೇಲೆ ಹೋಗಿ ಗೆರೆಗಳ ಮಾತು ಹೇಳಿದಾಗ ಸಾಹೇಬರು ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದರು.

ಪುಣ್ಯಕ್ಕೆ ಚಕ್ರಗಳನ್ನು ಹೊಸದಾಗಿ ಮಾಡುವ ಗೋಜಿರಲಿಲ್ಲ. ಬಿಗಿಯಾದ ತೂತನ್ನು ಕೊರೆದು ದೊಡ್ಡದು ಮಾಡಬಹುದು. ಬೇಕಾದ್ದಕ್ಕಿಂತ ದೊಡ್ಡದಾಗಿದ್ದರೆ ಎಸೆಯಬೇಕಿತ್ತು. ಅರವತ್ತು ಚಕ್ರಗಳನ್ನೂ ಅವರು ಒಬ್ಬರೇ, ಬೇರೆ ಯಾರ ಕೈಗೂ ಕೊಡದೆ, ಎಂಟು ದಿನದಲ್ಲಿ ಸಡಿಲ ಮಾಡಿದರು. ಪ್ರತಿಯೊಂದನ್ನೂ ಶಾಫ್ಟಿಗೆ ಹಾಕಿ, ಅದು ಸಲೀಸಾಗಿ ಜಾರಿದಾಗ ಮುಖ ಹುಳ್ಳಗೆ ಮಾಡಿಕೊಂಡು ಪಕ್ಕಕ್ಕೆ ಇಡುತ್ತಿದ್ದರು. ಸಡಿಲ ಸರಿ ಎಂದು ತಲೆಗೆ ಗೊತ್ತಾಗಿತ್ತು, ಕೈ ಮಾತ್ರ ಕೊನೆಯತನಕ ಒಪ್ಪಲಿಲ್ಲ.

ಎಣ್ಣೆಯವರು ಬಂದರು. ಪಂಪು ಇಳಿಯಿತು. ಮೊದಲ ದಿನವೆಲ್ಲ ಸಾಹೇಬರು ಕರೆಂಟಿನ ಮುಳ್ಳಿನ ಮುಂದಿನಿಂದ ಏಳಲಿಲ್ಲ. ಚಾಚಾ ಬಾವಿಯ ಬಾಯಿಯ ಹತ್ತಿರ ನಿಂತು ಕೊಳವೆಯ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಎರಡನೆಯ ದಿನ ಮಧ್ಯಾಹ್ನ ನನ್ನನ್ನು ಕರೆದು, "ಕೈ ಇಟ್ಟು ನೋಡು" ಎಂದರು. ಇಟ್ಟೆ. ಕೊಳವೆ ಬೆಚ್ಚಗಿತ್ತು, ಒಂದೇ ಸಮನೆ ಸಣ್ಣಗೆ ನಡುಗುತ್ತಿತ್ತು. "ಖಡಖಡ ಇಲ್ಲ" ಎಂದರು, ಅದೇ ಮೊದಲ ಸಲ ನಕ್ಕರು. ಮೂರನೆಯ ದಿನ ಸಂಜೆ ಎತ್ತಿ ಬಿಚ್ಚಿದಾಗ ತಳದ ಬೇರಿಂಗ್ ಹೊಳೆಯುತ್ತಿತ್ತು. ಅರವತ್ತು ವಾಷರುಗಳ ಗೆರೆಗಳಲ್ಲೂ ಮರಳು ಸಾಲಾಗಿ ಹೊರದಾರಿ ಹಿಡಿದದ್ದು ಕಾಣುತ್ತಿತ್ತು. ಎಣ್ಣೆಯವರಲ್ಲೊಬ್ಬರು ವಾಷರೊಂದನ್ನು ತಿರುಗಿಸಿ ನೋಡಿ, ಈ ಗೆರೆಗಳು ಯಾರ ಯೋಚನೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸಾಹೇಬರು ನನ್ನ ಕಡೆ ನೋಡಿದರು. ನಾನು ಚಾಚಾರ ಕಡೆ ಕೈ ತೋರಿಸಿದೆ.

ಅವರೆಲ್ಲ ಹೋದ ಮೇಲೆ ಸಾಹೇಬರು ಲೇಥಿನ ಪಕ್ಕ ನೇತು ಹಾಕಿದ್ದ ಪ್ರಿಂಟನ್ನು ತೆಗೆದು, ಅಂಚಿನ ಪೆನ್ಸಿಲ್ ಬರಹವನ್ನು ನೋಡಿ, ಇದೇನು ಎಂದು ಕೇಳಿದರು. ಪ್ರತಿ ಅಳತೆಯ ಕಾರಣ ಎಂದೆ. ಓದಿ ಹೇಳು ಎಂದರು. ಹೇಳುತ್ತ ಹೋದೆ, ಅವರು ಕೇಳುತ್ತ ನಿಂತರು.

ವಯಸ್ಸು ದಾಟಿದವರಿಗೆ ಲೇಥು ಕೊಡಬಾರದೆಂಬ ನಿಯಮವನ್ನು ಸಾಹೇಬರು ಮತ್ತೊಮ್ಮೆ ಮೀರಲಿಲ್ಲ. ತಿಂಗಳ ಕೊನೆಗೆ ಚಾಚಾರಿಗೆ ಹಾರ ಹಾಕಿ, ಪೇಢೆ ಹಂಚಿ ಬೀಳ್ಕೊಟ್ಟರು. ಆ ಭಾನುವಾರ ನನಗೆ ಊಟ ಸೇರಲಿಲ್ಲ. ಸೋಮವಾರ ಬೆಳಿಗ್ಗೆ ಡ್ರಾಯಿಂಗ್ ಹಾಲಿಗೆ ಬಂದರೆ ನನ್ನ ಬೋರ್ಡಿನ ಪಕ್ಕ, ಕಿಟಕಿಯ ಹತ್ತಿರ, ಒಂದು ಸಣ್ಣ ಮೇಜು ಮತ್ತು ಕುರ್ಚಿ ಹಾಕಿದ್ದರು. ಇನ್ನು ಮುಂದೆ ಯಾವ ನಕ್ಷೆಯೂ ಮಿಸ್ತ್ರಿ ಓದದೆ ಕೆಳಗೆ ಹೋಗಕೂಡದು ಎಂದು ಸಾಹೇಬರು ಹೇಳಿದರು. ಹೇಳಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮುಂಗೋಪಿಯನ್ನು ನಾನು ಅವತ್ತಿನಿಂದ ಒಂದು ದಿನವೂ ಮನಸ್ಸಿನಲ್ಲಿ ಬೈದಿಲ್ಲ.

ಹತ್ತು ಗಂಟೆಗೆ ಚಾಚಾ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಊಟದ ಡಬ್ಬಿ. ಉಗುರಿನ ಸಂದಿಯ ಎಣ್ಣೆಯ ಕಪ್ಪನ್ನು ಎಷ್ಟೋ ತಿಕ್ಕಿದ್ದರೆಂದು ಕಾಣುತ್ತಿತ್ತು. ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದರು.

"ಕೂಡ್ರಿ ಚಾಚಾ."

"ನಿಂತ ರೂಢಿ ಬೇಟಿ. ಮನ್ಯಾಗ ಹೇಳಿದೆ, ಮ್ಯಾಲ ನನಗ ಕುರ್ಚಿ ಹಾಕ್ಯಾರ ಅಂತ. ಸೊಸಿ ನಂಬಲಿಲ್ಲ. ಬಂದು ನೋಡ್ತೀನಿ ಅಂದ್ಲು."

ಎರಡು ಕೈಯಿಂದ ಕುರ್ಚಿಯ ತೋಳುಗಳನ್ನು ಹಿಡಿದು, ಅದು ಗಟ್ಟಿ ಇದೆಯೇ ಎಂದು ಅಲುಗಿಸಿ ನೋಡಿ, ಮೆಲ್ಲಗೆ ಕೂತರು. ನಾನು ಮುಖ ತಿರುಗಿಸಿ ಪೆನ್ನು ತೊಳೆಯುವ ನೆಪ ಮಾಡಿದೆ. ಆಮೇಲೆ ಎದ್ದು, ಅವತ್ತು ಕೆಳಗೆ ಹೋಗಬೇಕಿದ್ದ ನಕ್ಷೆಯೊಂದನ್ನು ಅವರ ಮುಂದೆ ಹಾಸಿದೆ. ಐದು ವರ್ಷದಿಂದ ನಾನು ಬರೆಯುತ್ತ ಬಂದಿದ್ದ ಸಾಧಾರಣ ನೀರಿನ ಪಂಪು. ಅವರು ಕನ್ನಡಕ ಹಾಕಿಕೊಂಡು, ಮೊದಲ ಅಂಕಿಯ ಮೇಲೆ ಬೆರಳಿಟ್ಟರು.

"ಇದು ಯಾಕ ಇಷ್ಟ?"

ಅದು ಅಷ್ಟೇ ಇರುತ್ತದೆ ಎಂಬುದು ಗೊತ್ತು, ಯಾಕೆ ಎಂಬುದು ಗೊತ್ತಿಲ್ಲ. ನನಗಿಂತ ಮೊದಲಿನವರು ಹಾಗೆ ಬರೆದಿದ್ದರು, ನಾನು ನೋಡಿ ಬರೆದಿದ್ದೆ.

"ನನಗ ಗೊತ್ತಿಲ್ಲ ಚಾಚಾ" ಎಂದೆ.

ಅವರು ನಗಲಿಲ್ಲ, ನಾಚಿಸಲೂ ಇಲ್ಲ. ನನ್ನ ಪೆನ್ಸಿಲನ್ನು ಎತ್ತಿ ನನ್ನ ಕಡೆಗೇ ಚಾಚಿದರು.

"ಹಂಗಾರ ಗೊತ್ತಿಲ್ಲ ಅಂತ ಬರಿ. ಕೆಳಗ ಯಾರಿಗಾರ ಗೊತ್ತಿರತೈತಿ."

ನಾನು ಪೆನ್ಸಿಲು ತೆಗೆದುಕೊಂಡು, ಆ ಅಂಕಿಯ ಎದುರು, ಅವರು ಹೇಳಿದ ಹಾಗೆಯೇ ಬರೆದೆ.